ರೈಲು ಎರಡಾಗುವ ನಿಲ್ದಾಣ

ನಮ್ಮ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಗಾಜಿನ ಉಪಕರಣ ಮಾಡುತ್ತಿದ್ದವರಿಗೆ ಉದ್ದನೆಯ ಹುದ್ದೆಯ ಹೆಸರೊಂದು ಇತ್ತು. ಸಂಬಳದ ಪಟ್ಟಿ ಬಿಟ್ಟರೆ ಅದು ಇನ್ನೆಲ್ಲೂ ಬಳಕೆಯಾಗುತ್ತಿರಲಿಲ್ಲ. ಪ್ರಿನ್ಸಿಪಾಲರಿಂದ ಹಿಡಿದು ಗೇಟಿನವನವರೆಗೆ ಎಲ್ಲರಿಗೂ ಅವರು ಊದಣ್ಣ. ಉರಿಯಲ್ಲಿ ಮೆದುವಾದ ಗಾಜಿನ ಕೊಳವೆಗೆ ಬಾಯಿಟ್ಟು ಊದಿ ಬುರುಡೆ, ಕವಲು, ಸುರುಳಿ ಮಾಡುವುದು ಅವರ ಕೆಲಸ. ನೆಲಮಾಳಿಗೆಯ ಕೊನೆಯ ಕೋಣೆ ಅವರದು. ಉರಿಯ ಬಣ್ಣ ಸರಿಯಾಗಿ ಕಾಣಲೆಂದು ಕಿಟಕಿಗಳಿಗೆ ಕಂದು ಕಾಗದ ಅಂಟಿಸಿದ್ದರು. ಮೇಜಿನ ಕೆಳಗೆ ಎರಡು ಪೈಪು, ಒಂದರಲ್ಲಿ ಗ್ಯಾಸು, ಇನ್ನೊಂದರಲ್ಲಿ ಆಮ್ಲಜನಕ. ಮೇಜಿನ ಮೇಲೆ ಚಿಮಟ, ಇದ್ದಿಲ ಕಡ್ಡಿ, ನೇರಳೆ ಬಣ್ಣದ ಕನ್ನಡಕ.

ಆ ಕೋಣೆಯಲ್ಲಿ ಒಂದು ಪದಕ್ಕೆ ಪ್ರವೇಶವಿರಲಿಲ್ಲ. ಗಾಜು "ಒಡೀತು" ಎಂದು ಯಾರೂ ಹೇಳುವಂತಿಲ್ಲ. ಉರಿಯ ಮುಂದೆ ಹಾಗೆಂದರೆ ಕೈಯಲ್ಲಿರುವ ಗಾಜೂ ಕೇಳಿಸಿಕೊಳ್ಳುತ್ತದೆ ಎಂದು, ಅವರಿಗೆ ಕೆಲಸ ಕಲಿಸಿದ ಸೋದರಮಾವ ಹೇಳಿದ್ದರಂತೆ. "ಎರಡಾಯ್ತು" ಎನ್ನಬೇಕು. ಇಪ್ಪತ್ತು ಚೂರಾಗಿ ನೆಲದ ತುಂಬ ಹರಡಿದ್ದರೂ ಎರಡಾಯ್ತು ಅಷ್ಟೆ. ಈ ಮಾತು ಕೋಣೆಯಿಂದ ಅವರ ಮನೆಗೂ ಹೋಗಿ ಅಲ್ಲಿ ಇನ್ನಷ್ಟು ಬೆಳೆಯಿತು. ಮಿಕ್ಸಿ ಸುಟ್ಟುಹೋದರೆ ಎರಡಾಯ್ತು, ಪಕ್ಕದ ಮನೆಯವರ ಸ್ಕೂಟರು ದಾರಿಯಲ್ಲಿ ನಿಂತರೆ ಎರಡಾಯ್ತು, ನೆಂಟರ ಪೈಕಿ ಯಾರದೋ ನಿಶ್ಚಯವಾದ ಮದುವೆ ಮುರಿದರೆ ಅದೂ ಎರಡಾಯ್ತು. ಆ ಮನೆಯಲ್ಲೇ ಬೆಳೆದ ಅಕ್ಕನ ಮಗಳಂತೂ ಸ್ಕೂಲಿನಲ್ಲಿ "ನನ್ನ ಪೆನ್ನು ಎರಡಾಗಿದೆ ಮಿಸ್" ಎಂದು ಹೇಳಿ, "ಎರಡಿದ್ರೆ ಒಂದು ಪಕ್ಕದವಳಿಗೆ ಕೊಡು" ಎನ್ನಿಸಿಕೊಂಡಿದ್ದಳು.

ಊದಣ್ಣನಿಗೆ ಬಾರದ ಕೆಲಸ ಒಂದೇ ಒಂದು. ಗಾಜಿನ ಕೊಳವೆಗೆ ತಾಮ್ರದ ಕೊಳವೆಯನ್ನು ನೇರವಾಗಿ ಬೆಸೆಯುವುದು. ಬಿಸಿಯಾದಾಗ ತಾಮ್ರ ನಮ್ಮ ಲ್ಯಾಬಿನ ಗಾಜಿಗಿಂತ ಸುಮಾರು ಐದು ಪಟ್ಟು ಹೆಚ್ಚು ಹಿಗ್ಗುತ್ತದೆ, ತಣಿದಾಗ ಅಷ್ಟೇ ಕುಗ್ಗುತ್ತದೆ. ಆ ಎಳೆದಾಟದಲ್ಲಿ ಸೋಲುವುದು ಯಾವಾಗಲೂ ಗಾಜೇ. ತಾಮ್ರದ ಅಂಚನ್ನು ತಲೆಗೂದಲಿಗಿಂತ ತೆಳ್ಳಗೆ ಮಾಡಿದರೆ ಅದು ಹಟ ಬಿಟ್ಟು ಗಾಜಿನ ಜೊತೆ ಬಾಗುತ್ತದೆ ಎಂದು ಪುಸ್ತಕದಲ್ಲಿದೆ. ಪುಸ್ತಕದಲ್ಲಿರುವುದು ಅಷ್ಟೇ, ಉರಿ ಎಲ್ಲಿ ತಾಗಬೇಕು, ಎಷ್ಟು ಹೊತ್ತು, ಗಾಜನ್ನು ಯಾವಾಗ ಒತ್ತಬೇಕು ಎಂಬುದಿಲ್ಲ. ಇಪ್ಪತ್ತು ವರ್ಷಗಳಲ್ಲಿ ಅವರು ನಲವತ್ತೊಂದು ಸಲ ಪ್ರಯತ್ನಿಸಿದ್ದರು. ನಲವತ್ತೊಂದೂ ಎರಡಾಗಿದ್ದವು. ಪ್ರತಿಯೊಂದರ ತಾರೀಖು, ಬಿರುಕಿನ ಜಾಗ ನೋಟುಬುಕ್ಕಿನಲ್ಲಿದ್ದವು.

ಹೀಗಿರುವಾಗ ಒಂದು ಪರದೇಶದ ವಿಶ್ವವಿದ್ಯಾಲಯದಿಂದ ಐದು ವಾರಗಳ ಕೆಲಸಕ್ಕೆ ಕರೆ ಬಂತು. ಅಲ್ಲಿನ ಗಾಜಿನ ಕೆಲಸಗಾರ ನಿವೃತ್ತನಾಗಿ ಮೂರು ವರ್ಷವಾಗಿತ್ತು. ಹಳೆಯ ಉಪಕರಣವೊಂದು ಕೆಟ್ಟು ಕೂತಿತ್ತು. ಊದಣ್ಣ ಹೋದರು. ಆ ದೇಶದ ಭಾಷೆಯಲ್ಲಿ ಮೂರು ಪದ ಕಲಿತರು: ನಮಸ್ಕಾರ, ಬಿಸಿ, ತಣ್ಣಗೆ. ಉಳಿದದ್ದು ಸೀಮೆಸುಣ್ಣದ ಚಿತ್ರದಲ್ಲಿ ನಡೆಯಿತು. ನಾಲ್ಕನೆಯ ವಾರ ಉಗ್ರಾಣದ ಕಪಾಟು ತೆರೆದಾಗ ಅವರ ಕೈ ಅಲ್ಲೇ ನಿಂತಿತು. ಒಂದು ಹಲಗೆಯ ತುಂಬ ತಾಮ್ರ ಮತ್ತು ಗಾಜು ಬೆಸೆದ ಕೊಳವೆಗಳು. ಕೂಡಿದ ಜಾಗದಲ್ಲಿ ಇಟ್ಟಿಗೆಗಿಂತ ಗಾಢವಾದ ಕೆಂಪು ಗೆರೆ. ಒಂದರಲ್ಲೂ ಬಿರುಕಿಲ್ಲ.

ಮಾಡಿದಾತ ಆ ನಿವೃತ್ತ ಕೆಲಸಗಾರನೇ, ಬದುಕಿದ್ದಾನೆ, ಮೂರು ಗಂಟೆ ದೂರದ ಊರಿನಲ್ಲಿ ಮನೆಯ ಹಿಂದೆ ಸಣ್ಣ ಕಾರ್ಯಾಗಾರ ಇಟ್ಟುಕೊಂಡಿದ್ದಾನೆ ಎಂದು ತಿಳಿಯಿತು. ಊದಣ್ಣ ಒಂದು ಕಾಗದದಲ್ಲಿ ಬೆಸುಗೆಯ ಚಿತ್ರ ಬರೆದು, ಪಕ್ಕದಲ್ಲಿ ದೊಡ್ಡ ಪ್ರಶ್ನೆ ಚಿಹ್ನೆ ಹಾಕಿ ಕಳಿಸಿದರು. ಉತ್ತರವೂ ಚಿತ್ರದಲ್ಲೇ ಬಂತು. ಒಂದು ಉರಿ, ಅದರ ಮೇಲೆ ಅಡ್ಡಗೀಟು, ಕೆಳಗೆ ಸೋಮವಾರದ ತಾರೀಖು. ಅದರ ಹಿಂದಿನ ಶನಿವಾರದ ತಾರೀಖಿಗೆ ಸುತ್ತು ಹಾಕಿತ್ತು. ವಿಭಾಗದ ಗುಮಾಸ್ತೆ ಫೋನ್ ಮಾಡಿ ವಿಚಾರಿಸಿ, ಸನ್ನೆಯಲ್ಲೂ ಚಿತ್ರದಲ್ಲೂ ತಿಳಿಸಿದಳು: ಮುದುಕನ ಕೈ ನಡುಗುತ್ತದೆ, ಸೋಮವಾರ ಗ್ಯಾಸಿನ ಸಂಪರ್ಕ ತೆಗೆಸುತ್ತಿದ್ದಾನೆ. ಶನಿವಾರ ಬಂದರೆ ಉಂಟು, ಇಲ್ಲವಾದರೆ ಇಲ್ಲ.

ಹೋಗುವುದು ರೈಲಿನಲ್ಲಿ, ಒಬ್ಬರೇ. ಊದಣ್ಣನಿಗೆ ಭಯ ಹುಟ್ಟಿದ್ದು ಅಲ್ಲೇ.

ಅವರು ರೈಲು ಕಾಣದವರಲ್ಲ. ನಮ್ಮ ಕಡೆ ಎಷ್ಟೋ ಸಲ ಓಡಾಡಿದವರೇ. ಆದರೆ ಅವರ ಪ್ರಯಾಣವೆಲ್ಲ ಬಾಯಿಯ ಬಲದಿಂದ. ಹತ್ತುವ ಮುಂಚೆ ಇಬ್ಬರನ್ನು ಕೇಳುವುದು, ಹತ್ತಿದ ಮೇಲೆ ಮೂವರನ್ನು, ಐದು ಉತ್ತರದಲ್ಲಿ ನಾಲ್ಕು ಒಂದೇ ಆದರೆ ಕೂರುವುದು. ಇಲ್ಲಿ ಕೇಳಲು ಭಾಷೆಯಿಲ್ಲ. ಸಾಲದ್ದಕ್ಕೆ ಮೊದಲ ವಾರ ಒಂದು ಅವಮಾನವಾಗಿತ್ತು. ಗುಮಾಸ್ತೆಯ ಜೊತೆ ಎರಡು ನಿಲ್ದಾಣ ದೂರದ ಅಂಗಡಿಗೆ ಹೊರಟಿದ್ದರು. ಇಳಿಯುವಾಗ ಆಕೆ ಒಂದು ಬಾಗಿಲಿಗೆ ಹೋದಳು, ಇವರು ಗುಂಪು ಕಡಿಮೆಯಿದೆಯೆಂದು ಇನ್ನೊಂದಕ್ಕೆ ಹೋದರು. ಬಾಗಿಲಿನ ಮುಂದೆ ಕರೆಯದ ಅತಿಥಿಯ ಹಾಗೆ ಕೈಕಟ್ಟಿ ನಿಂತರು. ಅದು ತೆರೆಯಲೇ ಇಲ್ಲ. ಪ್ಲಾಟ್‌ಫಾರ್ಮಿನಲ್ಲಿ ಆಕೆ ಕೈ ಬೀಸುತ್ತಿರುವಂತೆಯೇ ರೈಲು ಅವರನ್ನು ಹೊತ್ತುಕೊಂಡು ಹೋಯಿತು.

"ಗುಂಡಿ ಒತ್ತಬೇಕು ಮಾವ," ಎಂದು ಅಂದು ಅಕ್ಕನ ಮಗಳು ಫೋನಿನಲ್ಲಿ ನಕ್ಕಿದ್ದಳು. ಅವಳು ಅದೇ ದೇಶದ ಬೇರೊಂದು ಊರಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು.

"ಮುಚ್ಚೋವಾಗ ತಾನಾಗೇ ಮುಚ್ಕೊಳ್ಳುತ್ತೆ ತಾನೆ? ಅಂದ್ಮೇಲೆ ತೆರೆಯೋದೂ ತಾನಾಗೇ ತೆರೀಬೇಕಪ್ಪ. ಇದ್ಯಾವ ನ್ಯಾಯ?"

"ನ್ಯಾಯ ಕೇಳ್ತಾ ನಿಂತ್ರೆ ಮುಂದಿನ ಸ್ಟೇಷನ್ನೇ ಗತಿ."

ಅಂದಿನಿಂದ ಊದಣ್ಣ ಎಲ್ಲಿಗೆ ಹೋಗುವುದಿದ್ದರೂ ನಡೆದೇ ಹೋಗುತ್ತಿದ್ದರು. ಈಗ ಈ ಪ್ರಯಾಣಕ್ಕೆ ಮತ್ತೆ ಅವಳಿಗೇ ಫೋನ್ ಮಾಡಿದರು. ದಾರಿ ತೋರಿಸುವ, ಭಾಷೆ ತಿರುಗಿಸುವ ಫೋನುಗಳು ಆಗಿನ್ನೂ ಬಂದಿರಲಿಲ್ಲ.

"ನಂಗೆ ಶನಿವಾರ ಡ್ಯೂಟಿ ಮಾವ, ಬರಕ್ಕಾಗಲ್ಲ. ಆದ್ರೆ ಗಾಬರಿ ಬೀಳೋ ಅಂಥದ್ದು ಏನಿಲ್ಲ. ಎಂಟೂ ಹತ್ತರ ರೈಲು. ಎಲ್ಲೂ ಇಳಿದು ಹತ್ತೋದು ಬೇಡ. ಮುಂದೆ ಕೂತ್ಕೋ. ಮೂರನೇ ಸ್ಟೇಷನ್ನಲ್ಲಿ ರೈಲು ಎರಡಾಗುತ್ತೆ, ಅಷ್ಟೇ."

"ಎರಡಾಗುತ್ತಾ?"

"ಹೂಂ. ಏಳು ನಿಮಿಷ ನಿಲ್ಲುತ್ತೆ."

"ಅದೆಂಗೆ ಮೊದಲೇ ಗೊತ್ತು?"

"ದಿನಾ ಆಗುತ್ತಲ್ಲ ಮಾವ! ಟೈಮ್‌ಟೇಬಲ್ಲಲ್ಲೇ ಹಾಕಿದಾರೆ. ಅಯ್ಯೋ, ಕರೀತಿದಾರೆ, ಇಡ್ತೀನಿ."

ಊದಣ್ಣ "ಮೂರನೇ ಸ್ಟೇಷನ್, ಏಳು ನಿಮಿಷ" ಎಂದು ನೋಟುಬುಕ್ಕಿನಲ್ಲಿ ಬರೆದುಕೊಂಡರು. ಆಮೇಲೆ ಮನೆಗೆ ಫೋನ್ ಮಾಡಿ ಹೆಂಡತಿಗೆ ವಿಷಯ ಹೇಳಿದರು.

"ದಿನಾ ಕೆಡುತ್ತಂತಾ? ಅದೂ ಒಂದೇ ಸ್ಟೇಷನ್ನಲ್ಲಿ?"

"ಏಳೇ ನಿಮಿಷಕ್ಕೆ ರಿಪೇರಿನೂ ಆಗುತ್ತಂತೆ ಕಣೇ."

"ಮೆಚ್ಚಬೇಕು ಬಿಡ್ರಿ. ನಮ್ಮ ಮಿಕ್ಸಿ ಯಾವತ್ತು ಎರಡಾಗುತ್ತೆ ಅಂತ ಯಾರಾದ್ರೂ ಹಿಂಗೇ ಬರೆದುಕೊಟ್ಟಿದ್ರೆ ಹಿಂದಿನ ದಿನಾನೇ ರುಬ್ಬಿ ಇಟ್ಕೋತಿದ್ದೆ." ಕೊನೆಗೆ ಹೇಳಿದರು, "ಹೋಗಿಬನ್ನಿ. ನಲವತ್ತೊಂದು ಸಲ ಮುಖ ಒಣಗಿಸ್ಕೊಂಡು ಮನೆಗೆ ಬಂದಿದೀರಿ. ನಲವತ್ತೆರಡನೇದು ನನ್ನ ಕೈಲಾಗಲ್ಲ."

ಹೊಸ ಗ್ಯಾಸಿನ ಪೈಪು ಬಂದಾಗ ಊದಣ್ಣ ಮೊದಲ ದಿನವೇ ಉರಿ ಹಚ್ಚುತ್ತಿರಲಿಲ್ಲ. ಎಲ್ಲಿಂದ ಬರುತ್ತದೆ, ಎಲ್ಲಿ ತಿರುಗುತ್ತದೆ, ಯಾವ ಕವಾಟ ಯಾವುದಕ್ಕೆ ಎಂದು ಬೆರಳಿಟ್ಟು ನೋಡಿಕೊಂಡು, ಚಿತ್ರ ಬರೆದು, ಮರುದಿನ ಕಡ್ಡಿ ಗೀರುತ್ತಿದ್ದರು. ರೈಲೂ ಒಂದು ಪೈಪಿನ ವ್ಯವಸ್ಥೆಯೇ ತಾನೆ ಎನ್ನಿಸಿತು. ಶುಕ್ರವಾರ ಕೆಲಸ ಮುಗಿಸಿ ನೋಟುಬುಕ್ಕು ಹಿಡಿದು ನಿಲ್ದಾಣಕ್ಕೆ ಹೋದರು. ಎಲ್ಲಿಗೂ ಹೋಗುವುದಿಲ್ಲ, ಸುಮ್ಮನೆ ನೋಡುವುದು ಎಂದು ನಿಶ್ಚಯಿಸಿಕೊಂಡಿದ್ದರು.

ಎರಡು ಗಂಟೆ ಬೆಂಚಿನ ಮೇಲೆ ಕೂತು ಹದಿನಾಲ್ಕು ರೈಲು ನೋಡಿದರು. ಗುಂಡಿಯ ಸುತ್ತ ಹಸಿರು ಬಳೆಯಂಥ ದೀಪ ಹತ್ತಿದ ಮೇಲೆಯೇ ಒತ್ತಿದರೆ ಬಾಗಿಲು ತೆರೆಯುತ್ತದೆ. ಅದಕ್ಕೆ ಮುಂಚೆ ಎಷ್ಟು ಗುದ್ದಿದರೂ ಇಲ್ಲ. ಮುಚ್ಚುವ ಮುನ್ನ ಮೂರು ಸಲ ಪೀಂ ಎನ್ನುತ್ತದೆ. ಮೂರನೆಯದಕ್ಕೂ ಮುಚ್ಚುವುದಕ್ಕೂ ನಡುವೆ ಎರಡು ಸೆಕೆಂಡು. ಪ್ರತಿ ಬೋಗಿಯ ಪಕ್ಕದಲ್ಲೂ ಹೋಗುವ ಊರಿನ ಹೆಸರು ದೀಪದಲ್ಲಿ ಬರುತ್ತದೆ. ಹನ್ನೊಂದನೆಯ ರೈಲಿನ ಹೊತ್ತಿಗೆ ಅವರು ಭಯಪಡುವುದನ್ನು ಮರೆತು, ಬಾಗಿಲಿನ ಹಲಗೆ ಹೊರಗೆ ಚಾಚಿ ಸರಿಯುವುದು ಯಾವ ತೋಳಿನಿಂದ ಎಂದು ಬಗ್ಗಿ ನೋಡುತ್ತಿದ್ದರು. ಹನ್ನೆರಡನೆಯದಕ್ಕೆ ಹತ್ತಿ, ಪಕ್ಕದ ಬಾಗಿಲಿನಿಂದ ಇಳಿದೂ ನೋಡಿದರು. ಬಾಗಿಲು ತೆರೆಯಿತು. ಅಲ್ಲಿ ನಿಂತಿದ್ದ ಒಬ್ಬ ಹೆಂಗಸು, ಈ ಮನುಷ್ಯ ಏನೋ ಕಳಕೊಂಡಿದ್ದಾನೆ ಎಂದು ತಿಳಿದು ತಾನೂ ನೆಲ ಹುಡುಕತೊಡಗಿದಳು.

ಶನಿವಾರ ಎಂಟಕ್ಕೆ ನಿಲ್ದಾಣದಲ್ಲಿದ್ದರು. ಬಗಲಲ್ಲಿ ಹತ್ತಿ ತುಂಬಿದ ಡಬ್ಬಿ. ಅದರಲ್ಲಿ, ಬಲ್ಲವರು ಸಿಕ್ಕರೆ ತೋರಿಸಲೆಂದು ಊರಿನಿಂದ ತಂದಿದ್ದ ನಲವತ್ತೊಂದನೆಯ ಸೋತ ಬೆಸುಗೆ, ಜೊತೆಗೆ ನಮ್ಮ ಲ್ಯಾಬಿನಿಂದಲೇ ಒಯ್ದಿದ್ದ ನಾಲ್ಕು ಗಾಜಿನ ಕೊಳವೆ. ಹಸಿರು ಬಳೆ ಹತ್ತಿತು, ಒತ್ತಿದರು, ಬಾಗಿಲು ತೆರೆಯಿತು. ಮುಂದೆ ಕೂರಬೇಕೆಂದು ಅಕ್ಕನ ಮಗಳು ಹೇಳಿದ್ದು ನೆನಪಿತ್ತು. ಆದರೆ ಅವರ ಮನೆಯಲ್ಲಿ ಬಸ್ಸು ಹತ್ತುವ ಪ್ರತಿಯೊಬ್ಬರಿಗೂ, ವಾಂತಿಯಾದೀತೆಂದು, "ಮುಂದೆ ಕೂತ್ಕೋ" ಎನ್ನುವುದು ರೂಢಿ. ಗಾಜು ಕೈಯಲ್ಲಿರುವಾಗ ಆ ಮಾತು ನಡೆಯುವುದಿಲ್ಲ. ಉದ್ದನೆಯ ಗಾಡಿಯಲ್ಲಿ ಹೊಯ್ದಾಟ ಕಡಿಮೆಯಿರುವುದು ನಡುವೆ ಎಂಬುದು ಅವರ ಕಸುಬಿನ ನಂಬಿಕೆ. ಎಂಟು ಬೋಗಿ ಎಣಿಸಿ ಐದನೆಯದರಲ್ಲಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಮೊದಲ ನಿಲ್ದಾಣ, ಎರಡನೆಯದು. ಮೂರನೆಯದರಲ್ಲಿ ರೈಲು ನಿಂತು, ಇಂಜಿನ್ನಿನ ಗುಂಯ್ ಸದ್ದು ಇಳಿಯಿತು. ಗಡಿಯಾರ ನೋಡಿದರು. ಅವಳು ಹೇಳಿದ ನಿಲ್ದಾಣದಲ್ಲೇ ಸರಿಯಾಗಿ ಕೆಟ್ಟಿತು! ಸುತ್ತ ಯಾರೂ ಏಳಲಿಲ್ಲ. ಒಬ್ಬ ಪೇಪರು ಮಡಚಿ ಇನ್ನೊಂದು ಪುಟಕ್ಕೆ ಹೋದ. ದಿನವೂ ಕೆಡುವುದಾದರೆ ಯಾರು ತಾನೆ ತಲೆ ಕೆಡಿಸಿಕೊಳ್ಳುತ್ತಾರೆ? ಆದರೆ ಊದಣ್ಣ ಬೆಳೆದ ಕಡೆ, ನಿಂತ ಗಾಡಿಯಲ್ಲಿ ಸುಮ್ಮನೆ ಕೂರುವುದು ಮರ್ಯಾದೆಯಲ್ಲ. ಇಳಿದು, ಇಂಜಿನ್ನಿನ ಹತ್ತಿರ ಹೋಗಿ, ಏನಾಗಿದೆಯೆಂದು ನೋಡಿ, ಒಂದು ಅಭಿಪ್ರಾಯ ಕೊಡಬೇಕು. ಅದಕ್ಕಿಂತ ಹೆಚ್ಚಾಗಿ, ದಿನವೂ ಒಂದೇ ಹೊತ್ತಿಗೆ ಕೆಡುವ ಭಾಗ ಯಾವುದೆಂದು ಕಣ್ಣಾರೆ ಕಾಣುವ ಆಸೆ. ಡಬ್ಬಿ ಎತ್ತಿಕೊಂಡು ಇಳಿದರು.

ದೂರ ಹೋಗಬೇಕಾಗಲಿಲ್ಲ. ತಮ್ಮ ಬೋಗಿಗೂ ಅದರ ಮುಂದಿನ ಬೋಗಿಗೂ ನಡುವೆ ಕಿತ್ತಳೆ ಜಾಕೀಟಿನ ಹೆಂಗಸೊಬ್ಬಳು ಬಗ್ಗಿದ್ದಳು. ಕೊಂಡಿ ಠಣ್ ಎಂದಿತು. ಮುಂದಿನ ನಾಲ್ಕು ಬೋಗಿಗಳು ಒಂದು ಗೇಣು ಸರಿದವು, ಆಮೇಲೆ ಒಂದು ಮಾರು ಸರಿದು ನಿಂತವು. ನಡುವಿನ ಸಂದಿಯಲ್ಲಿ ಆಚೆ ಬದಿಯ ಗೋಡೆ ಕಂಡಿತು.

"ಅಯ್ಯೋ ಪುಟ್ಟಿ," ಎಂದರು ಊದಣ್ಣ, ದೂರದ ಊರಿನಲ್ಲಿದ್ದ ಅಕ್ಕನ ಮಗಳಿಗೆ ಕೇಳಿಸಬೇಕೆಂಬಷ್ಟು ಗಟ್ಟಿಯಾಗಿ. "ನಿಜವಾಗ್ಲೂ ಎರಡೇ ಆಯ್ತಲ್ಲೇ!"

ಹುಡುಗಿ ಮನೆ ಬಿಟ್ಟು ಎರಡು ವರ್ಷ. ಮನೆಯ ಮಾತು ಅವಳ ಬಾಯಲ್ಲಿ ಜನರ ಮಾತಾಗಿತ್ತು. ಎರಡಾಗುವುದೆಂದರೆ ಅವಳಿಗೆ ಬರೀ ಎರಡಾಗುವುದು. ಒಂದು ರೈಲು ಎರಡಾಗಿ ಎರಡು ಊರಿಗೆ ಹೋಗುತ್ತದೆ. "ಮುಂದೆ ಕೂತ್ಕೋ" ಎಂದದ್ದು ವಾಂತಿಗಲ್ಲ. ನಕ್ಕದ್ದು ಒಂದು ಕ್ಷಣ. ಮರುಕ್ಷಣ ಅಪಾಯ ಹೊಳೆಯಿತು. ಕೂತಲ್ಲೇ ಕೂತಿದ್ದರೆ ಇನ್ನು ಸ್ವಲ್ಪ ಹೊತ್ತಿಗೆ ಗೊತ್ತಿಲ್ಲದ ಊರಿನ ದಾರಿ ಹಿಡಿದಿರುತ್ತಿದ್ದರು. ಗಾಜಿಗಾಗಿ ನಡುವೆ ಕೂತದ್ದು ಒಂದು ತಪ್ಪು, ರೈಲು ಕೆಟ್ಟಿತೆಂದು ಇಳಿದದ್ದು ಇನ್ನೊಂದು. ಎರಡೂ ಸೇರಿ ಅವರನ್ನು ಸರಿಯಾದ ಜಾಗದಲ್ಲಿ, ಎರಡು ತುಂಡಿನ ನಟ್ಟನಡುವೆ, ನಿಲ್ಲಿಸಿದ್ದವು.

ಆದರೂ ಐದಕ್ಕೆ ನಾಲ್ಕು ಉತ್ತರ ಬೇಕಲ್ಲ? ಮುಂದಿನ ಬೋಗಿಯ ಪಕ್ಕದ ದೀಪದ ಅಕ್ಷರಗಳನ್ನು ಟಿಕೆಟ್ಟಿನ ಅಕ್ಷರಗಳ ಜೊತೆ ಒಂದೊಂದಾಗಿ ಹೋಲಿಸಿದರು. ಆ ಲಿಪಿ ಓದಲು ಬಾರದಿದ್ದರೂ ಆಕಾರ ಗುರುತಿಸುವುದು ಅವರ ಹೊಟ್ಟೆಪಾಡು. ಹನ್ನೊಂದು ಅಕ್ಷರ, ಹನ್ನೊಂದೂ ಸರಿ. ಅಷ್ಟಕ್ಕೆ ಬಿಡದೆ ಕಿತ್ತಳೆ ಜಾಕೀಟಿನವಳ ಹತ್ತಿರ ಹೋಗಿ, ಎರಡು ಬೆರಳು ಜೋಡಿಸಿ, ಬಿಡಿಸಿ, ಟಿಕೆಟ್ಟು ತೋರಿಸಿದರು.

"ಇದಾ ತಾಯಿ? ಈ ಮುಂದಿಂದಾ?"

ಅವಳು ಟಿಕೆಟ್ಟು ನೋಡಿ ತನ್ನ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿ, ಅವರ ಮುಂದಿನ ಬೆರಳನ್ನೇ ಹಿಡಿದು ಅಲ್ಲಾಡಿಸಿದಳು. ಪದ ಒಂದೂ ತಿಳಿಯಲಿಲ್ಲ, ಧಾಟಿ ತಿಳಿಯಿತು. ನಮ್ಮ ಅತ್ತಿಗೆಯಂದಿರದ್ದೇ ಧಾಟಿ: ಬಾಯಿ ನೋಡ್ಕೊಂಡು ನಿಂತ್ರೆ ಹೋಗೋದು ಯಾವಾಗ?

ಪೀಂ ಎಂದಿತು. ಊದಣ್ಣ ಡಬ್ಬಿಯನ್ನು ಎದೆಗವಚಿಕೊಂಡು ನಾಲ್ಕು ಹೆಜ್ಜೆ ಹಾಕಿದರು. ಎರಡನೆಯ ಪೀಂ. ಗುಂಡಿ ಒತ್ತಿ ಒಳಗೆ ಕಾಲಿಟ್ಟರು. ಇನ್ನೂ ಸಮಯವಿತ್ತು.

ಉಳಿದ ದಾರಿಯಲ್ಲಿ ಅವರಿಗೆ ಕೂರಲು ಮನಸ್ಸಾಗಲಿಲ್ಲ. ಬೋಗಿಯ ಕೊನೆಯ ಗಾಜಿಗೆ ಮೂಗು ತಾಗಿಸಿ, ಹಿಂದೆ ಬೇರೆಯಾಗಿ ಬಾಗಿಹೋದ ಹಳಿಗಳನ್ನು ಕಣ್ಣಿಗೆ ಕಾಣುವವರೆಗೂ ನೋಡಿದರು. ಬಾಗಿದ ಹಳಿಯ ಹೊರ ಅಂಚು ಒಳ ಅಂಚಿಗಿಂತ ಎತ್ತರವಿದೆಯೇ ಎಂಬ ಸಂಶಯ ಬಂದು ನೋಟುಬುಕ್ಕಿನಲ್ಲಿ ಬರೆದುಕೊಂಡರು.

ಮುದುಕ ನಿಲ್ದಾಣಕ್ಕೇ ಬಂದಿದ್ದ. ತೆಳ್ಳಗೆ, ಎತ್ತರ, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದ. ಇಬ್ಬರೂ ಮೊದಲು ಒಬ್ಬರ ಬೆರಳ ತುದಿಯನ್ನೊಬ್ಬರು ನೋಡಿಕೊಂಡರು. ಸುಟ್ಟ ಕಲೆಗಳು ಒಂದೇ ಜಾಗದಲ್ಲಿದ್ದವು. ಅಲ್ಲಿಂದ ಹನ್ನೆರಡು ನಿಮಿಷ ನಡಿಗೆ. ಕಾರ್ಯಾಗಾರದ ಅರ್ಧ ಈಗಾಗಲೇ ಪೆಟ್ಟಿಗೆಗಳಿಗೆ ಸೇರಿತ್ತು. ಉಳಿದಿದ್ದದ್ದು ಒಂದು ಉರಿ, ಒಂದು ಮೇಜು, ಎರಡು ಸ್ಟೂಲು, ಬೂದಿ ತುಂಬಿದ ತಗಡಿನ ಪೆಟ್ಟಿಗೆ.

ಮುದುಕ ನಲವತ್ತೊಂದನೆಯ ಬೆಸುಗೆಯನ್ನು ಬೆಳಕಿಗೆ ಹಿಡಿದು ನೋಡಿ, ನಾಲಿಗೆ ಲೊಚಗುಟ್ಟಿದ. ತಾಮ್ರದ ಅಂಚನ್ನು ಉಗುರಿನಿಂದ ಮೀಟಿ ತೋರಿಸಿದ: ದಪ್ಪ. ಆಮೇಲೆ ತನ್ನ ತಾಮ್ರದ ಕೊಳವೆ ಕೊಟ್ಟ. ಅಂಚು ಬೆರಳಿಗೆ ತಾಗಿದ್ದೇ ಗೊತ್ತಾಗದಷ್ಟು ತೆಳು. ಇನ್ನೊಂದು ಗುಟ್ಟು ಉರಿಯದು. ಊದಣ್ಣ ಇಪ್ಪತ್ತು ವರ್ಷ ಉರಿಯನ್ನು ತಾಮ್ರಕ್ಕೆ ತಾಗಿಸುತ್ತಿದ್ದರು. ಮುದುಕ ಅವರ ಮಣಿಕಟ್ಟು ಹಿಡಿದು ಎರಡು ಬೆರಳಿನಷ್ಟು ಹಿಂದಕ್ಕೆ ಸರಿಸಿದ. ಕಾಯಬೇಕಾದದ್ದು ಗಾಜು, ಕಾದ ಗಾಜೇ ತಾಮ್ರವನ್ನು ಕಾಯಿಸಲಿ. ಅವನ ಕೈ ನಡುಗುತ್ತಿತ್ತು. ಆದರೆ ಹಿಡಿದು ತೋರಿಸಿದ ಜಾಗ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಮೊದಲನೆಯದು ಹನ್ನೆರಡೂವರೆಗೆ ಆಯಿತು. ಬಿಸಿ ಬೂದಿಯಲ್ಲಿ ಹೂತಿಟ್ಟರು. ಹೊರಗೆ ಬೇಗ ಬಂದರೆ ಒಳಗೊಂದು ಎಳೆತ ಉಳಿದುಬಿಡುತ್ತದೆ, ಮೆಲ್ಲಗೆ ತಣಿಯಬೇಕು. ಇಬ್ಬರೂ ಸ್ಟೂಲು ಎಳೆದುಕೊಂಡು ಪೆಟ್ಟಿಗೆಯ ಪಕ್ಕ ಕಿವಿಯಿಟ್ಟು ಕೂತರು. ಕುಡಿಯಲು ಏನೋ ಬಿಸಿಯಾದದ್ದು ಬಂತು, ಆರಿತು. ಮೂರೂ ನಲವತ್ತಕ್ಕೆ ಬೂದಿಯೊಳಗಿಂದ ಟಿಕ್ ಎಂದು ಸಣ್ಣ ಸದ್ದು.

ಇಬ್ಬರಿಗೂ ಅದನ್ನು ತೆಗೆದು ನೋಡುವ ಅಗತ್ಯವಿರಲಿಲ್ಲ.

ಹಿಂದಿರುಗುವ ರೈಲು ನಾಲ್ಕೂ ಇಪ್ಪತ್ತಕ್ಕೆ. ಅದೇ ಕ್ಷೇಮ ಎಂದು ಗುಮಾಸ್ತೆ ಕೆಂಪು ಗೆರೆ ಎಳೆದು ಕೊಟ್ಟಿದ್ದಳು. ಅದರಲ್ಲಿ ಹೋದರೆ ಅವಳೇ ನಿಲ್ದಾಣಕ್ಕೆ ಬಂದು ಕರೆದುಕೊಂಡು ಹೋಗುತ್ತಾಳೆ. ಆಮೇಲಿನದು ಆರೂ ಇಪ್ಪತ್ತು, ಕೊನೆಯದು ಎಂಟೂ ಇಪ್ಪತ್ತು. ಅವುಗಳಲ್ಲಿ ಬಂದರೆ ಕಾಯುವವರಿಲ್ಲ. ಮುದುಕ ಗೋಡೆಯ ಗಡಿಯಾರ ತೋರಿಸಿದ. ಆಮೇಲೆ ಉರಿ ತೋರಿಸಿದ. ಹುಬ್ಬು ಏರಿಸಿದ.

ಊದಣ್ಣ ವಾಚು ಬಿಚ್ಚಿ ಕಿಟಕಿಯ ಮೇಲಿಟ್ಟರು. ಗುಮಾಸ್ತೆಗೆ ಫೋನ್ ಮಾಡಿ, ತಮಗೆ ಗೊತ್ತಿದ್ದ ಮೂರು ಪದಗಳಲ್ಲಿ ಎರಡನ್ನು ಬಳಸಿ, "ನಮಸ್ಕಾರ. ಬಿಸಿ, ಬಿಸಿ," ಎಂದರು. ಅವಳಿಗೆ ಅರ್ಥವಾಗಿರಬೇಕು, ನಕ್ಕು ಫೋನಿಟ್ಟಳು.

ಎರಡನೆಯದಕ್ಕೆ ಮುದುಕ ಕೈ ಹಾಕಲಿಲ್ಲ, ಸ್ಟೂಲಿನ ಮೇಲೆ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತ. ಊದಣ್ಣ ಗಾಜನ್ನು ಕಾಯಿಸಿದರು. ಉರಿಯನ್ನು ಎರಡು ಬೆರಳು ಹಿಂದೆ ಹಿಡಿದರು. ಮೆದುವಾದ ಗಾಜು ತಾನಾಗಿಯೇ ತಾಮ್ರದ ಅಂಚನ್ನು ಮುಟ್ಟಿ, ಒಳಗೂ ಹೊರಗೂ ಹರಿದು ಅದನ್ನು ಹಿಡಿದುಕೊಂಡಿತು. ಕಪ್ಪಗಿದ್ದ ಅಂಚು ಕೆಂಪಾಯಿತು, ಉಗ್ರಾಣದ ಕಪಾಟಿನಲ್ಲಿ ಕಂಡಿದ್ದ ಅದೇ ಕೆಂಪು. ಮುದುಕ ಸ್ಟೂಲಿನಿಂದ ಅರ್ಧ ಎದ್ದ.

ಬೂದಿಯ ಪೆಟ್ಟಿಗೆಯ ಪಕ್ಕ ಮತ್ತೆ ಕಿವಿ. ಆರೂ ಇಪ್ಪತ್ತರ ರೈಲು ಹೋದದ್ದು ದೂರದಿಂದ ಕೇಳಿಸಿತು. ಬೂದಿ ಮಾತ್ರ ಏನೂ ಹೇಳಲಿಲ್ಲ.

ಏಳೂ ಮುಕ್ಕಾಲಿಗೆ ತೆಗೆದರು. ಆ ದೇಶದ ಬೇಸಿಗೆ, ಹೊರಗೆ ಇನ್ನೂ ಬಿಸಿಲಿತ್ತು. ಬಕೆಟ್ಟಿನಲ್ಲಿ ನೀರು ತಂದು, ತಾಮ್ರದ ತುದಿಯನ್ನು ಬೆರಳಿನಿಂದ ಮುಚ್ಚಿ, ಬೆಸುಗೆಯನ್ನು ನೀರಿಗಿಳಿಸಿ ಗಾಜಿನ ತುದಿಯಿಂದ ಊದಿದರು. ಕೆನ್ನೆ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಗುಳ್ಳೆ ಒಂದೂ ಏಳಲಿಲ್ಲ. ಮುದುಕ ತನ್ನ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದ. ಊದಣ್ಣ, "ಹೂಂ ಯಜಮಾನ್ರೇ, ನಾನೂ ಅದನ್ನೇ ಹೇಳ್ತಿದೀನಿ. ಇಪ್ಪತ್ತು ವರ್ಷ ಆ ಎರಡು ಬೆರಳು ಯಾರೂ ಹೇಳಿರಲಿಲ್ಲ ನೋಡಿ," ಎಂದರು.

ಮುದುಕ ವಾಚು ತಂದು ಕೈಗೆ ಕೊಟ್ಟು, ನಿಲ್ದಾಣದ ಕಡೆ ತಲೆಯಾಡಿಸಿದ. ಎಂಟಕ್ಕೆ ಎಂಟು ನಿಮಿಷವಿತ್ತು. ದಾರಿ ಹನ್ನೆರಡು ನಿಮಿಷದ್ದು. ಎಂಟೂ ಐದಕ್ಕೆ ಹೊರಟರೂ ಧಾರಾಳ ಎಂದು ಊದಣ್ಣ ಲೆಕ್ಕ ಹಾಕಿದರು. ವಾಚನ್ನು ಜೇಬಿಗೆ ಹಾಕಿ, ಅಂಗಿಯ ತೋಳು ಮೇಲಕ್ಕೆ ಮಡಚಿ, ಬೆಸುಗೆಯನ್ನು ಇನ್ನೊಂದು ಸಲ ನೀರಿಗಿಳಿಸಿದರು.